ಒಣಗಲು ಹಾಕಿದ ನಕ್ಷತ್ರ

ನಿವೃತ್ತಿಯಾದ ಮರುದಿನ ಬೆಳಿಗ್ಗೆ ಕೋರ್ಬಿನಿಯನ್ ತನ್ನ ಅಂಚೆ ಟೋಪಿಯನ್ನು ಶಾಶ್ವತವಾಗಿ ಗೂಟಕ್ಕೆ ಸಿಕ್ಕಿಸಿದ. ಆಮೇಲೆ ಅಡುಗೆಮನೆಯ ನಟ್ಟನಡುವೆ ನಿಂತು, ಕಾಫಿ ಲೋಟವನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದ:

"ಬುರ್ಗಿ, ಸರಿಯಾಗಿ ಕೇಳಿಸ್ಕೋ! ಬರೋ ಏಪ್ರಿಲ್ ಮುಗಿಯೋದ್ರೊಳಗೆ ನಿಮ್ಮಪ್ಪನ ಮಗ್ ನನ್ನ ಕೈಯಲ್ಲಿರತ್ತೆ. ಇಲ್ದೇ ಹೋದ್ರೆ ಈ ಮೀಸೆ ಬೋಳಿಸ್ಕೋತೀನಿ!"

ಬುರ್ಗಿ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆಯೆತ್ತಿ ಗಂಡನನ್ನಲ್ಲ, ಮೀಸೆಯನ್ನು ನೋಡಿದಳು.

"ಬೋಳಿಸ್ಕೋ ಮಾರಾಯ. ಅದರ ಕೆಳಗೆ ಏನಿದೆ ಅಂತ ಮದುವೆ ಆಗಿ ಮೂವತ್ತೆಂಟು ವರ್ಷ ಆದ್ರೂ ನಂಗೆ ಗೊತ್ತಾಗಿಲ್ಲ."

ಅದು ಸಾಮಾನ್ಯ ಮೀಸೆಯಲ್ಲ! ವಾಲ್ಡ್‌ನಾಬ್ ನದಿಯ ಕಣಿವೆಯಲ್ಲಿ ಮೂವತ್ತನಾಲ್ಕು ವರ್ಷ ಸೈಕಲ್ ಮೇಲೆ ಕಾಗದ ಹಂಚಿದ ಮೀಸೆ. ಎದುರುಗಾಳಿಯಲ್ಲಿ ಎರಡೂ ತುದಿ ಕಿವಿಯ ಹಿಂದಕ್ಕೆ ಹೋಗುತ್ತಿದ್ದವು. ಮಕ್ಕಳು ದೂರದಿಂದಲೇ ಮೀಸೆ ಕಂಡು "ಅಮ್ಮಾ, ಪೋಸ್ಟ್!" ಎಂದು ಕೂಗುತ್ತಿದ್ದರು. ಅಂಥ ಮೀಸೆಯನ್ನು ಪಣಕ್ಕಿಡಬೇಕಾದರೆ ವಿಷಯ ಎಷ್ಟು ಗಂಭೀರ ಎಂದು ನೀವೇ ಊಹಿಸಿ.

ವಿಷಯ ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಬೂದು ಬಣ್ಣದ, ನೀಲಿ ಗೆರೆಯ, ಹಿಡಿಯ ಹತ್ತಿರ ಸ್ವಲ್ಪ ಚಕ್ಕೆ ಎದ್ದ ಪಿಂಗಾಣಿ ಮಗ್. ಅದು ಬುರ್ಗಿಯ ಅಪ್ಪ ಸಿಕ್ಸ್ಟಸ್ ಮುದುಕನದು. ಮುದುಕ ತೀರಿಕೊಂಡು ಇಪ್ಪತ್ತಾರು ವರ್ಷವಾಗಿತ್ತು. ಹೋಗುವ ಮುಂಚೆ ಮಗಳನ್ನೂ ಅಳಿಯನನ್ನೂ ಮಂಚದ ಹತ್ತಿರ ಕರೆದು, "ಈ ಮನೇಲಿ ಇನ್ನು ಮುಂದೆ ಯಾವ ಕೈ ಬಿಯರ್ ಕಾಯ್ಸತ್ತೋ, ಆ ಕೈಗೆ ನನ್ನ ಮಗ್" ಎಂದಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಳಿಯನ ಕಡೆ ಒಮ್ಮೆ ನೋಡಿ, "ಹುಡುಗ ಒಳ್ಳೇವ್ನು. ಕುಡಿಯೋಕೆ ಬರತ್ತೆ. ಕಾಯ್ಸೋಕೆ ಬರಲ್ಲ" ಎಂದೂ ಸೇರಿಸಿ ಕಣ್ಣು ಮುಚ್ಚಿದ. ಸತ್ತವರ ಜೊತೆ ವಾದ ಮಾಡುವುದು ಹೇಗೆ? ಕೋರ್ಬಿ ಆ ಮಾತನ್ನು ಇಪ್ಪತ್ತಾರು ವರ್ಷ ಎದೆಯೊಳಗೆ ಇಟ್ಟುಕೊಂಡು ಸೈಕಲ್ ತುಳಿದ.

ನಮ್ಮೂರು ಹೋಲ್ಜ್‌ನಾಬಿನಲ್ಲಿ ಬಿಯರ್ ಕಾಯಿಸುವ ಹಕ್ಕು ಮನುಷ್ಯರದಲ್ಲ, ಮನೆಗಳದು. ಹದಿನಾಲ್ಕು ಮನೆಗೆ ಆ ಹಕ್ಕಿದೆ. ಊರ ನಡುವೆ ಎಲ್ಲರಿಗೂ ಸೇರಿದ ಒಂದೇ ಕಡಾಯಿ. ಸರದಿ ಬಂದವರು ಸೌದೆ ಉರಿಸಿ ಬಾರ್ಲಿಯನ್ನೂ ಹಾಪ್ಸ್ ಹೂವನ್ನೂ ಕುದಿಸಿ, ಆ ಸಿಹಿ ಕಷಾಯವನ್ನು ತಮ್ಮ ನೆಲಮಾಳಿಗೆಗೆ ಸಾಗಿಸಿ, ತಮ್ಮ ಯೀಸ್ಟ್ ಹಾಕಿ ಮುಚ್ಚಿಡುತ್ತಾರೆ. ಕಡಾಯಿ ಒಂದೇ, ನೀರು ಒಂದೇ, ಆದರೂ ಒಂದು ಮನೆಯ ಬಿಯರಿನಂತೆ ಇನ್ನೊಂದು ಮನೆಯದಿಲ್ಲ. ಹದವಾದ ವಾರ ಆ ಮನೆಯವರು ಹೆಬ್ಬಾಗಿಲ ಮೇಲಿನ ಕೋಲಿಗೆ ಆರು ಮೂಲೆಯ ನಕ್ಷತ್ರ ತೂಗುಹಾಕುತ್ತಾರೆ. ನಕ್ಷತ್ರ ಹೊರಗೆ ಬಂತೆಂದರೆ ಆ ಮನೆ ಊರಿನದು! ಬಾಗಿಲು ತಟ್ಟುವ ಪದ್ಧತಿಯಿಲ್ಲ. ಸೀದಾ ಒಳಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತರಾಯಿತು. ಮಂತ್ರಿಯಾಗಲಿ, ಕಟ್ಟಿಗೆ ಒಡೆಯುವವನಾಗಲಿ, ಎಲ್ಲರಿಗೂ ಅದೇ ಬೆಂಚು. ನಕ್ಷತ್ರದ ಕೆಳಗೆ ಬಂದವರನ್ನು ಬಾಯಾರಿ ಕಳಿಸುವುದು ಮಾತ್ರ ಮಹಾಪಾಪ. ನಮ್ಮೂರಲ್ಲಿ ಹಾಗೆ ಯಾರೂ ಕಳಿಸಿದ್ದಿಲ್ಲ.

ಸಿಕ್ಸ್ಟಸ್ ಹೋದ ಮೇಲೆ ಬುರ್ಗಿಯ ಮನೆಯ ನಕ್ಷತ್ರ ಅಟ್ಟ ಸೇರಿತ್ತು. ಅದನ್ನು ಮತ್ತೆ ಬೆಳಗಿಸುವ ಪಣ ತೊಟ್ಟವನು ನಮ್ಮ ಕೋರ್ಬಿ!

"ಸರಿ, ಯಾವಾಗ ಶುರು ಮಾಡ್ತೀಯ?" ಬುರ್ಗಿ ಕೇಳಿದಳು.

"ಶುರುನಾ? ಮೊದಲು ಸಂಶೋಧನೆ ಆಗ್ಬೇಕು! ಈ ಕಣಿವೇಲಿ ಎಷ್ಟು ಮನೆ ಬಿಯರ್ ಕಾಯಿಸ್ತಾರೋ ಅಷ್ಟೂ ಮನೆಗೆ ಹೋಗಿ, ರುಚಿ ನೋಡಿ, ಗುಟ್ಟು ಬರ್ಕೊಂಡು..."

"ಓಹೋ. ಕುಡಿಯೋಕೆ ಹೊಸ ಹೆಸರು ಇಟ್ಟಿದೀಯ."

"ನಿಂಗೆ ವಿಜ್ಞಾನ ಅರ್ಥ ಆಗಲ್ಲ ಕಣೇ."

ಹೀಗೆ ಅಕ್ಟೋಬರಿನಲ್ಲಿ ಶುರುವಾದ ವಿಜ್ಞಾನ ಚಳಿಗಾಲವಿಡೀ ನಡೆಯಿತು. ಕೋಟಿನ ಜೇಬಿನಲ್ಲಿ ನೀಲಿ ನೋಟುಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು. ನದಿಯ ಮೇಲ್ಭಾಗದ ಊರುಗಳು, ಕೆಳಭಾಗದ ಊರುಗಳು, ಗಿರಣಿಯ ಆಚೆ, ಬಂಡೆಗಳ ಈಚೆ. ಎಲ್ಲಿ ನಕ್ಷತ್ರವೋ ಅಲ್ಲಿ ಕೋರ್ಬಿ! ದೂರದ ಊರಾದರೆ ಎರಡು ದಿನ ಮನೆಗೇ ಬರುತ್ತಿರಲಿಲ್ಲ. ಪ್ರತಿ ಮನೆಗೂ ಹತ್ತಕ್ಕೆ ಇಷ್ಟು ಎಂದು ಅಂಕ. ಜೊತೆಗೆ ಟಿಪ್ಪಣಿ. "ಐದೂವರೆ. ಬಿಯರ್ ಪರವಾಗಿಲ್ಲ, ಬೆಂಚು ಕುಂಟು." "ಆರು. ಯಜಮಾನನಿಗೆ ಮಾತು ಜಾಸ್ತಿ, ಮಗ್ಗಿನಲ್ಲಿ ನೊರೆ ಕಡಿಮೆ." ಇನ್ನೊಂದು ಕಡೆ, "ಮೂರು. ಹಿಂದೆ ಈ ಮನೆಯವರು ನನ್ನ ಮೇಲೆ ನಾಯಿ ಬಿಟ್ಟಿದ್ದರು." ವಿಜ್ಞಾನಕ್ಕೆ ನೆನಪಿನ ಶಕ್ತಿಯೂ ಬೇಕಲ್ಲ!

ಒಂದು ಮಾತು ಮಾತ್ರ ಒಪ್ಪಬೇಕು. ಅವನ ನಾಲಿಗೆ ಸುಳ್ಳಾಡುತ್ತಿರಲಿಲ್ಲ. ಕಣ್ಣು ಕಟ್ಟಿ ಕುಡಿಸಿದರೂ ಯಾವ ಮನೆಯದು, ಯಾವ ತಿಂಗಳದು ಎಂದು ಹೇಳಬಲ್ಲವನಾಗಿದ್ದ. ಕೆಟ್ಟ ಬಿಯರನ್ನು ಪಾದ್ರಿಯ ಮುಂದೆ ಕೂತಿದ್ದರೂ ಕೆಟ್ಟದ್ದೆಂದೇ ಹೇಳುತ್ತಿದ್ದ. ಹೀಗಾಗಿ ಅವನು ಬರುವುದು ಕಂಡರೆ ಕೆಲವು ಯಜಮಾನರು ಹಿತ್ತಲ ಕಡೆ ಹೋಗಿಬಿಡುತ್ತಿದ್ದರು.

ಡಿಸೆಂಬರಿನಲ್ಲಿ ಕೆಳಗಣ ಊರಿನಿಂದ ಎರಡು ದಿನದ ಸಂಶೋಧನೆ ಮುಗಿಸಿ ಬಂದಾಗ ಬುರ್ಗಿಯ ಮುಂಗೈಗೆ ಬಟ್ಟೆ ಸುತ್ತಿತ್ತು.

"ಏನಾಯ್ತೇ?"

"ಬಾತುಕೋಳಿ ಬೇಯಿಸ್ತಿದ್ದೆ. ಬಿಸಿ ಸಿಡೀತು."

"ಬಾತುಕೋಳಿ ಎಲ್ಲಿ?"

"ಮುಗೀತು."

ಇಡೀ ಬಾತುಕೋಳಿ ಒಬ್ಬಳೇ ತಿಂದಳೇ ಎಂದು ಕೋರ್ಬಿಗೆ ಅರೆಗಳಿಗೆ ಅನಿಸಿತು. ಆದರೆ ತಲೆಯೊಳಗೆ ವಿಜ್ಞಾನ ತುಂಬಿದ್ದರಿಂದ ಬಾತುಕೋಳಿಗೆ ಜಾಗವಿರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ದೊಡ್ಡ ಅಚ್ಚರಿ ನಡೆಯಿತು. ಪಕ್ಕದ ಮನೆಯ ಎಗಿಡ್, ಕೋರ್ಬಿಯ ಬಾಲ್ಯದ ಗೆಳೆಯ, ಬೋಳುತಲೆಯ ಕಟುಕ, ತನ್ನ ಮನೆಗೆ ಕರೆದು ಒಂದು ಮಗ್ ಮುಂದಿಟ್ಟ. ಎಗಿಡ್‌ನ ಬಿಯರ್ ಎಂದೂ ಐದು ಅಂಕ ದಾಟಿದ್ದಲ್ಲ. ಕೋರ್ಬಿ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು. ಮೀಸೆ ಒರೆಸುವುದನ್ನೂ ಮರೆತ.

"ಎಗಿಡ್! ಇದು ಹೇಗೋ ಮಾಡ್ದೆ?"

"ಹೂಂ... ಯೀಸ್ಟ್ ಬದಲಾಯ್ಸಿದೆ" ಎಂದು ಎಗಿಡ್ ಸೂರು ನೋಡಿದ.

ಮನೆಗೆ ಬಂದವನೇ ಕೋರ್ಬಿ ಒಂದೇ ಉಸಿರಿನಲ್ಲಿ ಹೊಗಳತೊಡಗಿದ. ಅಂಥ ಬಿಯರ್ ಇಪ್ಪತ್ತಾರು ವರ್ಷದಿಂದ ಕುಡಿದಿಲ್ಲ ಎಂದ. ಕಣ್ಣಲ್ಲಿ ನೀರು ಬಂತು ಎಂದ. ಬುರ್ಗಿ ಕೈಯಲ್ಲಿದ್ದ ಆಲೂಗಡ್ಡೆಯನ್ನು ಸುಲಿಯುತ್ತಲೇ ಇದ್ದಳು. ಸುಲಿದು ಸುಲಿದು ಅದು ಗೋಲಿಯಷ್ಟಾಯಿತು.

"ನಿಜವಾಗ್ಲೂ ಚೆನ್ನಾಗಿತ್ತಾ?"

"ನಿಜ ಕಣೇ!"

"ನಿಜವಾಗ್ಲೂ?"

"ಎಷ್ಟು ಸಲ ಕೇಳ್ತೀಯ? ನಾನು ಬಿಯರ್ ವಿಷಯದಲ್ಲಿ ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

"ಇಲ್ಲ. ಬೇರೆ ಎಲ್ಲಾ ವಿಷಯದಲ್ಲೂ ಹೇಳಿದೀಯ. ಇದೊಂದ್ರಲ್ಲಿ ಹೇಳಿಲ್ಲ" ಎಂದು ಬುರ್ಗಿ ಗೋಲಿಯಾದ ಆಲೂಗಡ್ಡೆಯನ್ನು ಪಾತ್ರೆಗೆ ಹಾಕಿ ನಕ್ಕಳು. ಅವಳಿಗೆ ಎಗಿಡ್‌ನ ಮೇಲೆ ಹೊಟ್ಟೆಕಿಚ್ಚು ಎಂದು ನಮ್ಮ ಮಹಾವಿಜ್ಞಾನಿ ತೀರ್ಮಾನಿಸಿದ.

ಮಾರ್ಚಿನಲ್ಲಿ ಕೊನೆಗೂ ಸಂಶೋಧನೆ ಮುಗಿದು ಪ್ರಯೋಗ ಶುರುವಾಯಿತು. ಊರ ಕಡಾಯಿಯಲ್ಲಿ ಕುದಿಸಿದ ಕಷಾಯ ನೆಲಮಾಳಿಗೆಗೆ ಬಂತು. ಇಲ್ಲಿಯತನಕ ಎಲ್ಲವೂ ಸರಿಯಾಗಿಯೇ ಇತ್ತು. ಇನ್ನು ಕೋರ್ಬಿ ಮಾಡಬೇಕಾಗಿದ್ದುದು ಒಂದೇ ಕೆಲಸ, ಸುಮ್ಮನಿರುವುದು. ಅದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿದ! ಒಂದು ಮನೆಯಲ್ಲಿ ಕಲಿತಂತೆ ಹಾಪ್ಸ್ ಜಾಸ್ತಿ ಹಾಕಿದ. ಇನ್ನೊಂದು ಮನೆಯಲ್ಲಿ ಕಲಿತಂತೆ ಪೀಪಾಯಿಗೆ ಕಂಬಳಿ ಹೊದಿಸಿದ. ಮತ್ತೊಂದು ಮನೆಯವರು ಹೇಳಿದ್ದರೆಂದು ಕಂಬಳಿ ತೆಗೆದು ಕಿಟಕಿ ತೆರೆದ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ಇಣುಕಿದ. ಇಣುಕುವಾಗ ಮೀಸೆಯ ತುದಿ ಒಳಗೆ ಅದ್ದುತ್ತಿತ್ತು.

"ಮುಚ್ಚಳ ತೆಗೀಬೇಡ್ವೋ. ಅದಕ್ಕೇನು ಜ್ವರ ಬಂದಿದ್ಯಾ?" ಬುರ್ಗಿ ಮೆಟ್ಟಿಲ ಮೇಲಿನಿಂದ ಕೂಗುತ್ತಿದ್ದಳು. "ಅಪ್ಪ ಹನ್ನೊಂದು ದಿನ ಕೆಳಗೇ ಇಳೀತಿರ್ಲಿಲ್ಲ."

"ನಿಮ್ಮಪ್ಪನ ಕಾಲ ಬೇರೆ!"

ಪಾಪ, ಬೈಯಬೇಡಿ. ಅವನಿಗೆ ಆ ಮಗ್ ಬೇಕಾಗಿತ್ತು. ಇಪ್ಪತ್ತಾರು ವರ್ಷದಿಂದ ಆ ಮನೆಯಲ್ಲಿ ಊಟ ಮಾಡುವಾಗಲೆಲ್ಲ ಎದುರಿಗೆ ಕಾಣುತ್ತಿತ್ತು. ಮನೆ ಹೆಂಡತಿಯದು, ಹಕ್ಕು ಹೆಂಡತಿಯ ಮನೆತನದ್ದು, ತಾನು ಸೈಕಲ್ ಸಮೇತ ಬಂದು ಸೇರಿದವನು. ಆ ಮಗ್ಗಿನಲ್ಲಿ ಒಮ್ಮೆ ಕುಡಿದುಬಿಟ್ಟರೆ ತಾನೂ ಈ ಮನೆಯವನಾದೆ ಎಂದು ಅವನ ಲೆಕ್ಕ. ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ, ಮೀಸೆಯ ಹಿಂದೆ ಮುಚ್ಚಿಟ್ಟಿದ್ದ.

ಏಪ್ರಿಲ್ ಇಪ್ಪತ್ತಾರು, ಶನಿವಾರ ಮಧ್ಯಾಹ್ನ. ಬಿಯರ್ ಹದವಾಗಲು ಇನ್ನೂ ಮೂರು ವಾರವಾದರೂ ಬೇಕಿತ್ತು. ಊರಿಗೆಲ್ಲ ಗೊತ್ತಾಗಿದ್ದ ಪಣದ ಗಡುವಿಗೆ ನಾಲ್ಕೇ ದಿನ. ಆ ತಳಮಳ ತಡೆಯಲಾರದೆ ಕೋರ್ಬಿ ಅಟ್ಟದಿಂದ ಮಾವನ ನಕ್ಷತ್ರ ಇಳಿಸಿ ಚಿನ್ನದ ಬಣ್ಣ ಬಳಿದ. ಬುರ್ಗಿ ತಲೆಗೂದಲು ಸುರುಳಿ ಮಾಡಿಸಿಕೊಳ್ಳಲು ಸಲೂನಿಗೆ ಹೋಗಿದ್ದಳು. ಇನ್ನು ಬಣ್ಣ ಒಣಗಬೇಕು. ಹುಲ್ಲಿನ ಮೇಲೆ ಇಟ್ಟರೆ ಕೋಳಿಗಳು ತುಳಿಯುತ್ತವೆ. ಮನೆಯೊಳಗೆ ಇಟ್ಟರೆ ವಾಸನೆಗೆ ಬುರ್ಗಿ ಬೈಯುತ್ತಾಳೆ. ನೆಲ ತಾಗದ, ಗಾಳಿ ಆಡುವ, ಬಿಸಿಲು ಬೀಳುವ ಜಾಗ ಯಾವುದು?

ಹೆಬ್ಬಾಗಿಲ ಮೇಲಿನ ಕೋಲು! ಎಂಥ ಜಾಣತನ! ಆ ಕೋಲಿನ ತುದಿಯಲ್ಲಿ ನಕ್ಷತ್ರಕ್ಕೆಂದೇ ಮಾಡಿದ ಕೊಕ್ಕೆಯೂ ಇತ್ತು. "ಒಂದೇ ಗಂಟೆ" ಎಂದುಕೊಂಡು ತೂಗುಹಾಕಿ, ಸ್ನಾನದ ತೊಟ್ಟಿಯಲ್ಲಿ ಬಿಸಿನೀರು ತುಂಬಿಸಿಕೊಂಡು, ಕುತ್ತಿಗೆವರೆಗೂ ಮುಳುಗಿ, ಮೀಸೆಯನ್ನು ಮಾತ್ರ ತೇಲಿಬಿಟ್ಟು ಕಣ್ಣು ಮುಚ್ಚಿದ. ಚಿನ್ನದ ನಕ್ಷತ್ರವೋ, ಮಧ್ಯಾಹ್ನದ ಬಿಸಿಲಿಗೆ ಮೂರು ಊರಿನವರೆಗೂ ಹೊಳೆಯಿತು!

ಒಂದು ಗಂಟೆ ಕಳೆದು ಮೈ ಒರೆಸಿಕೊಂಡ. ಉದ್ದನೆಯ ಉಣ್ಣೆ ಚಡ್ಡಿಯಷ್ಟೇ ಹಾಕಿಕೊಂಡು, ಹೆಗಲ ಮೇಲೆ ಟವೆಲ್ ಬೀಸಿ, ಹಾಡುತ್ತ ಪಡಸಾಲೆಗೆ ಬಂದ.

ಹದಿನೇಳು ಜನ ಕೂತಿದ್ದರು.

"ದೇವರು ಒಳ್ಳೇದು ಮಾಡ್ಲಿ" ಎಂದು ಹದಿನೇಳೂ ಜನ ಒಟ್ಟಿಗೆ ಹೇಳಿದರು.

"ಒ... ಒಳ್ಳೇದು ಮಾಡ್ಲಿ" ಎಂದ ಕೋರ್ಬಿ ಟವೆಲನ್ನು ಹೆಗಲಿಂದ ಎದೆಗೆ, ಎದೆಯಿಂದ ಚಡ್ಡಿಗೆ ಸಾಗಿಸಿದ.

ಅರ್ಧ ಜನ ಊರಿನವರು. ಇನ್ನರ್ಧ ಬೆನ್ನಿಗೆ ಚೀಲ ಹಾಕಿದ, ಕೆಸರು ಬೂಟಿನ ನಡಿಗೆಯವರು. ಅವರ ಮುಂದಾಳು ಒಟೀಲಿಯೆ ಎಂಬ ಎತ್ತರದ ನಿವೃತ್ತ ಶಿಕ್ಷಕಿ. ಅವಳ ಟೋಪಿಯ ಮೇಲೆ ದೊಡ್ಡದೊಂದು ಚಿನ್ನದ ಹನಿ. ಬಾಗಿಲು ದಾಟಿ ಬಂದ ಯಾರೂ ನಕ್ಷತ್ರದಿಂದ ತೊಟ್ಟಿಕ್ಕುತ್ತಿದ್ದ ಹಸಿಬಣ್ಣದಿಂದ ಪಾರಾಗಿರಲಿಲ್ಲ. ಒಬ್ಬನ ಮೂಗೇ ಚಿನ್ನದ್ದಾಗಿತ್ತು.

"ನಾವು ಮೂರು ದಿನದಿಂದ ನದಿ ಗುಂಟ ನಡ್ಕೊಂಡು ಬರ್ತಿದೀವಿ" ಎಂದಳು ಒಟೀಲಿಯೆ, ತನ್ನ ನೋಟುಬುಕ್ ತೆಗೆಯುತ್ತ. "ಆರು ಮನೆ ಆಯ್ತು, ನಿಮ್ಮದು ಏಳನೇದು. ನಮ್ಮ ಪಟ್ಟೀಲಿ ಈ ಮನೆ ಇರ್ಲೇ ಇಲ್ಲ! ನಮ್ಮ ಅದೃಷ್ಟ ನೋಡಿ! ಮತ್ತೆ, ಈ ಚಡ್ಡಿ ಇಲ್ಲಿನ ಸಂಪ್ರದಾಯಾನಾ?"

"ಹೂಂ... ಹಳೇದು" ಎಂದ ಕೋರ್ಬಿ.

ಸತ್ಯ ಹೇಳಿಬಿಡೋಣ ಎಂದು ಅವನು ಬಾಯಿ ತೆರೆದದ್ದು ನಿಜ. "ನೋಡಿ, ಆ ನಕ್ಷತ್ರ ಒಣಗೋಕೆ..." ಎನ್ನುವಷ್ಟರಲ್ಲಿ ಒಲೆಯ ಪಕ್ಕದಿಂದ ಮೂಗು ಸೀಟುವ ಸದ್ದು ಕೇಳಿತು. ಎಂಬತ್ತೆಂಟು ವರ್ಷದ ಕ್ರೆಸೆನ್ಸ್ ಅಜ್ಜಿ! ಕೋಲೂರಿಕೊಂಡು ಊರ ಆಚೆ ತುದಿಯಿಂದ ನಡೆದು ಬಂದಿದ್ದಳು. ಬೆಂಚನ್ನು ಮೆಲ್ಲಗೆ ಸವರುತ್ತಿದ್ದಳು.

"ಇಪ್ಪತ್ತಾರು ವರ್ಷ ಆಯ್ತು ಕಣಪ್ಪ. ಈ ಬೆಂಚಿನ ಮೇಲೆ ನಾನೂ ನಮ್ಮನೆಯವ್ರೂ ಕೂತ್ಕೋತಿದ್ವಿ. ಸಾಯೋ ಮುಂಚೆ ಈ ಮನೆ ನಕ್ಷತ್ರ ನೋಡ್ದೆ. ಸಾಕು. ಒಂದೇ ಒಂದು ಮಗ್ ಕೊಡು ಮಗನೆ."

ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕೋರ್ಬಿ ಬಾಯಿ ಮುಚ್ಚಿದ, ಪ್ಯಾಂಟು ಹಾಕಿದ, ನೆಲಮಾಳಿಗೆಗೆ ಇಳಿದ. ಮನಸ್ಸಿನಲ್ಲಿ ಒಂದು ಆಸೆಯೂ ಚಿಗುರಿತು. ಮೂರು ವಾರ ಮುಂಚೆಯಾದರೇನು? ಹದವಾಗಿಯೇ ಇದ್ದರೆ? ಇಡೀ ಊರಿನ ಮುಂದೆ ಹೊಗಳಿಸಿಕೊಂಡು ಮಗ್ ಮೊಳೆಯಿಂದ ಇಳಿಸಿದರೆ? ರುಚಿ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಜಾಡಿಗಳಿಗೆ ಹಿಡಿದು, ಮೇಲೆ ತಂದು, ಹದಿನೇಳು ಮಗ್ಗಿಗೂ ಸುರಿದು, ಗೋಡೆಗೆ ಒರಗಿ ನಿಂತ.

ಹದಿನೇಳು ಗಂಟಲು ಒಮ್ಮೆ ಗುಟುಕ್ ಎಂದವು. ಎರಡನೆಯ ಗುಟುಕ್ ಕೇಳಲಿಲ್ಲ.

ಚಿನ್ನದ ಮೂಗಿನವನು ಕಿಟಕಿಯ ಹೂಕುಂಡದ ಕಡೆ ಆಸೆಯಿಂದ ನೋಡಿದ. ಒಬ್ಬ ಕೆಮ್ಮಿದ, ಕೆಮ್ಮುತ್ತಲೇ ಇದ್ದ. ಒಟೀಲಿಯೆ ಪೆನ್ಸಿಲ್ ತುದಿ ಕಚ್ಚಿ, ಪದಕ್ಕಾಗಿ ಹುಡುಕಿ, "ಇದರಲ್ಲಿ... ಧೈರ್ಯ ಇದೆ" ಎಂದಳು.

ಕ್ರೆಸೆನ್ಸ್ ಅಜ್ಜಿಗೆ ಪದ ಹುಡುಕುವ ಅಭ್ಯಾಸವಿರಲಿಲ್ಲ. "ಸೌತೆಕಾಯಿ ಉಪ್ಪಿನಕಾಯಿ ನೀರು ಯಾಕೋ ತಂದ್ಕೊಟ್ಟೆ? ಬಿಯರ್ ತಾರೋ!" ಎಂದಳು.

ಅಷ್ಟರಲ್ಲಿ ಬಾಗಿಲು ಧಡಾರೆಂದು ತೆರೆಯಿತು. ಎಗಿಡ್! ಬೋಳುತಲೆಯ ಮೇಲೆ ಸರಿಯಾಗಿ ನಡುಮಧ್ಯೆ ಚಿನ್ನದ ಹನಿ, ಕೈಯಲ್ಲಿ ಊರ ಸರದಿಯ ಪಟ್ಟಿ.

"ಲೋ ಕೋರ್ಬಿ! ಈ ವಾರ ಯಾರದ್ದೋ? ನನ್ನದು! ಬೆಳಿಗ್ಗೆಯಿಂದ ನನ್ನ ನಕ್ಷತ್ರ ಹೊರಗಿದೆ. ಹಂದಿ ಕಡಿದು ಸಾಸೇಜ್ ಬೇಯ್ಸಿಟ್ಟು ಕೂತಿದೀನಿ, ಒಂದು ನೊಣ ಕೂಡ ಬಂದಿಲ್ಲ! ಒಂದೇ ಬೀದೀಲಿ ಎರಡು ನಕ್ಷತ್ರ! ಅಜ್ಜಂದಿರ ಕಾಲದಿಂದ ಹೀಗಾಗಿದ್ದುಂಟಾ?"

ಕೋರ್ಬಿ ಅವನ ತೋಳು ಹಿಡಿದು ಮೂಲೆಗೆ ಎಳೆದ. "ಕೂಗ್ಬೇಡ ಕಣೋ, ಕಾಲಿಗೆ ಬೀಳ್ತೀನಿ. ಅದು ಒಣಗೋಕೆ ಹಾಕಿದ್ದು."

"ಒಣಗೋಕಾ?"

"ಬಣ್ಣ ಬಳ್ದಿದ್ದೆ."

ಎಗಿಡ್‌ನ ಕೋಪ ಅಲ್ಲೇ ನಿಂತುಹೋಯಿತು. ಅವನು ಗೆಳೆಯನ ಮುಖವನ್ನು ವಿಚಿತ್ರವಾಗಿ ನೋಡಿದ.

"ಹಂಗಾದ್ರೆ... ಬುರ್ಗಿ ಹೇಳಿ ಹಾಕಿದ್ದಲ್ವಾ?"

"ಬುರ್ಗಿ ಯಾಕೆ ಹೇಳ್ತಾಳೆ?"

ಎಗಿಡ್ ಸೂರು ನೋಡಿದ. ಈ ಮನುಷ್ಯ ಯಾವಾಗ ನೋಡಿದರೂ ಸೂರು ನೋಡುತ್ತಾನಲ್ಲ ಎಂದು ಕೋರ್ಬಿಗೆ ಅನಿಸುವ ಹೊತ್ತಿಗೆ ಬುರ್ಗಿಯೇ ಬಂದಳು.

ಸಲೂನಿನಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರು. ಅವಳು ಹಾಗೆಯೇ ಎದ್ದು ಓಡಿಬಂದಿದ್ದಳು. ತಲೆಯ ಎಡಭಾಗಕ್ಕೆ ಗುಲಾಬಿ ಬಣ್ಣದ ಸುರುಳಿಗಳು, ಬಲಭಾಗದ ಕೂದಲು ಒದ್ದೆಯಾಗಿ ನೇತಾಡುತ್ತಿತ್ತು, ಕೊರಳಿಗೆ ಸಲೂನಿನ ಬಟ್ಟೆ. ನೆತ್ತಿಯ ಸುರುಳಿಯ ಮೇಲೆ ಚಿನ್ನದ ಹನಿ. ಯಾರೂ ನಗಲಿಲ್ಲ. ನಗುವ ಧೈರ್ಯ ಯಾರಿಗಿತ್ತು?

ಬುರ್ಗಿ ಬೆಂಚುಗಳನ್ನು ನೋಡಿದಳು. ತುಂಬಿದ ಮಗ್ಗುಗಳನ್ನು ನೋಡಿದಳು. ಒಂದನ್ನು ಎತ್ತಿ ಮೂಸಿ ಕೆಳಗಿಟ್ಟಳು.

"ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇನ್ನೂ ಇಲ್ಲ" ಎಂದ ಚಿನ್ನದ ಮೂಗಿನವನು.

"ಬುರ್ಗಿ, ನಾನು... ಅದು ಒಣಗೋಕೆ..." ಕೋರ್ಬಿಯ ಮೀಸೆಯ ಎರಡೂ ತುದಿ ಇಳಿಬಿದ್ದಿದ್ದವು. "ನಿಮ್ಮಪ್ಪನ ಮನೆ ಮರ್ಯಾದೆ ತೆಗೆದುಬಿಟ್ಟೆ ಕಣೇ."

ಬುರ್ಗಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೊರಳ ಬಟ್ಟೆ ಕಿತ್ತೆಸೆದು ಏಪ್ರನ್ ಕಟ್ಟಿಕೊಂಡಳು.

"ಎಗಿಡ್, ಹೋಗು. ಎರಡನೇ ಪೀಪಾಯಿ."

"ಸರಿ" ಎಂದು ಎಗಿಡ್ ನೆಲಮಾಳಿಗೆಗೆ ಇಳಿದು, ಎಡಕ್ಕೆ ತಿರುಗಿ, ಆಲೂಗಡ್ಡೆ ಕೋಣೆಗೆ ನೆಟ್ಟಗೆ ಹೋದ.

ಆಲೂಗಡ್ಡೆ ಕೋಣೆ! ಕೋರ್ಬಿ ಎಂದೂ ಕಾಲಿಡದ ಜಾಗ. ಅಲ್ಲಿ ಹೋದರೆ ಯಾವಾಗಲೂ ಹೊರಬೇಕಾದ, ಆರಿಸಬೇಕಾದ, ಗುಡಿಸಬೇಕಾದ ಏನಾದರೊಂದು ಇರುತ್ತಿತ್ತು. ಹಾಗಾಗಿ ಅವನು ಆ ಬಾಗಿಲಿನಿಂದ ದೂರವೇ ಉಳಿದಿದ್ದ. "ಇವನಿಗೆ ನಮ್ಮನೆ ಆಲೂಗಡ್ಡೆ ಕೋಣೆ ಹೇಗೆ ಗೊತ್ತು?" ಎಂದು ಅವನು ಕೇಳಿದ. ಊರಿನವರೆಲ್ಲ ಒಟ್ಟಾಗಿ ಸೂರು ನೋಡತೊಡಗಿದರು.

ಪೀಪಾಯಿ ಬಂತು. ಬುರ್ಗಿ ಹಳೆಯದನ್ನೆಲ್ಲ ಹಿತ್ತಲಿಗೆ ಚೆಲ್ಲಿ, ಮಗ್ಗುಗಳನ್ನು ತೊಳೆದು, ಹೊಸದನ್ನು ಸುರಿದಳು. ದಟ್ಟ ಕಂದುಬಣ್ಣ, ಮೇಲೆ ಎರಡು ಬೆರಳು ನೊರೆ. ಮೊದಲ ಮಗ್ ಕ್ರೆಸೆನ್ಸ್ ಅಜ್ಜಿಗೆ. ಅಜ್ಜಿ ಕುಡಿದಳು. ಮಗ್ ಕೆಳಗಿಡದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

"ಸಿಕ್ಸ್ಟಸ್ ಒಳಗೇ ಇದಾನೇನೇ?" ಎಂದು ಮೆಲ್ಲಗೆ ಕೇಳಿದಳು.

ಕೋರ್ಬಿಯೂ ಒಂದು ಗುಟುಕು ಕುಡಿದ. ಇಳಿಬಿದ್ದಿದ್ದ ಮೀಸೆ ತಟ್ಟನೆ ನೆಟ್ಟಗಾಯಿತು! ಅವನ ನಾಲಿಗೆ ಮರೆಯುವ ನಾಲಿಗೆಯಲ್ಲ.

"ಎಗಿಡ್! ಇದು ನಿನ್ನ ಬಿಯರು! ಫೆಬ್ರವರೀಲಿ ನಿಮ್ಮನೇಲಿ ಕುಡಿದದ್ದು! ನನ್ನ ಮನೇಲಿ ಯಾಕೋ ಬಚ್ಚಿಟ್ಟಿದೀಯ?"

"ನಂದಲ್ಲ ಕಣೋ."

"ನಂಗೇ ಸುಳ್ಳು ಹೇಳ್ತೀಯಾ? ಬರ್ದಿಟ್ಟಿದೀನಿ! ತಡಿ, ಎಲ್ಲರೂ ಕೇಳಿ!" ಕೋಟಿನಿಂದ ನೀಲಿ ನೋಟುಬುಕ್ ಎಳೆದು, ಹಾಳೆ ತಿರುಗಿಸಿ, ಹೆಬ್ಬಾಗಿಲವರೆಗೂ ಕೇಳುವಂತೆ ಓದತೊಡಗಿದ. "'ಫೆಬ್ರವರಿ, ಶನಿವಾರ, ಎಗಿಡ್‌ನ ಮನೆ. ಒಂಬತ್ತೂವರೆ. ಇಡೀ ಕಣಿವೆಯಲ್ಲೇ ಮೊದಲನೆಯದು. ಮಾವನ ಬಿಯರ್ ಸತ್ತಿಲ್ಲ.'"

"ಸಾಕು ಬಿಡೋ" ಎಂದ ಎಗಿಡ್, ಗಾಬರಿಯಿಂದ.

"ಸುಮ್ನಿರು! 'ಇಂಥ ಬಿಯರ್ ಆಗಬೇಕಾದರೆ ಗಂಡಸಿನ ಕೈಯೇ ಬೇಕು. ಇದು ಹೆಂಗಸರಿಂದ ಆಗುವ ಕೆಲಸವಲ್ಲ. ಮನೆಗೆ ಹೋಗಿ ಬುರ್ಗಿಗೆ ವಿವರಿಸಿ ಹೇಳಬೇಕು.'"

ಅವನು ವಿಜಯೋತ್ಸಾಹದಿಂದ ತಲೆಯೆತ್ತಿದ. ಎಗಿಡ್ ಸೂರು ನೋಡುತ್ತಿದ್ದ. ಊರಿನವರು ಸೂರು ನೋಡುತ್ತಿದ್ದರು. ನಡಿಗೆಯವರು ಮಾತ್ರ ಬುರ್ಗಿಯನ್ನು ನೋಡುತ್ತಿದ್ದರು. ಬುರ್ಗಿ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದಳು. ಎಡ ಮುಂಗೈ ಮೇಲೆ ಸುಟ್ಟ ಗುರುತು. ಬಾತುಕೋಳಿಯದು. ಆ ಯಾರೂ ಕಾಣದ ಬಾತುಕೋಳಿಯದು!

ಕೋರ್ಬಿ ಗುರುತನ್ನು ನೋಡಿದ, ಪೀಪಾಯಿಯನ್ನು ನೋಡಿದ, ನೋಟುಬುಕ್ಕನ್ನು ನೋಡಿದ. ಮೆಲ್ಲಗೆ ಅದನ್ನು ಮುಚ್ಚಿದ.

"ನೀನಾ?"

"ಹೂಂ."

"ಯಾವಾಗ?"

"ನೀನು ಸಂಶೋಧನೆಗೆ ಹೋದಾಗ. ಎಗಿಡ್ ಕಷಾಯ ಹೊತ್ಕೊಟ್ಟ. ಮಿಕ್ಕಿದ್ದೆಲ್ಲಾ ನಾನೇ. ಚಿಕ್ಕವಳಿದ್ದಾಗ ಸೌದೆ ಹಾಕ್ತಾ ಅಪ್ಪನ ಕೈ ನೋಡ್ತಿದ್ನಲ್ಲ. ಹುಡುಗೀರು ಕಡಾಯಿ ಮುಟ್ಬಾರ್ದು ಅಂತಿದ್ರು. ನೋಡ್ಬಾರ್ದು ಅಂತ ಯಾರೂ ಹೇಳಿರ್ಲಿಲ್ಲ."

"ಊರಿಗೆಲ್ಲಾ ಗೊತ್ತಿತ್ತಾ?"

"ಊರಲ್ಲಿ ಇದ್ದೋರಿಗೆಲ್ಲಾ ಗೊತ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

ಬುರ್ಗಿಯ ಕೆನ್ನೆ ಕೆಂಪಾಯಿತು. "ಚೆನ್ನಾಗಾಗಿದ್ಯೋ ಇಲ್ವೋ ಅಂತ ನಂಗೆ ಧೈರ್ಯ ಇರ್ಲಿಲ್ಲ ಕಣೋ. ನಾನು ಮಾಡಿದ್ದು ಅಂತ ಗೊತ್ತಾದ್ರೆ ನೀನು ಚೆನ್ನಾಗಿದೆ ಅಂತಲೇ ಹೇಳ್ತೀಯ. ನನ್ನ ಸುಟ್ಟ ಕೇಕನ್ನೂ ಹೊಗಳಿ ತಿಂದೋನು ನೀನು. ಈ ಕಣಿವೇಲಿ ನಾನು ನಂಬೋದು ಒಂದೇ ನಾಲಿಗೆ. ಅದಕ್ಕೇ ಎಗಿಡ್ ಮನೇಲಿ ಕುಡಿಸ್ದೆ. ನಿನ್ನ ಹುಟ್ಟಿದಬ್ಬಕ್ಕೆ ಹೇಳೋಣ ಅಂತಿದ್ದೆ. ನೀನು ನಕ್ಷತ್ರ ಒಣಗೋಕೆ ಹಾಕ್ಬಿಟ್ಟೆ!"

ಕೋರ್ಬಿಗೆ ಅಳು ಬಂತೋ ನಗು ಬಂತೋ, ಮೀಸೆಯ ಹಿಂದೆ ಏನಾಯಿತೆಂದು ಯಾರಿಗೂ ಕಾಣಲಿಲ್ಲ. "ಒಂಬತ್ತೂವರೆ ತಪ್ಪು" ಎಂದ ಕೊನೆಗೆ. ಪೆನ್ಸಿಲ್ ತೆಗೆದು ತಿದ್ದಿ ಹತ್ತು ಮಾಡಿದ.

"ಸುಳ್ಳು ಅಂಕ ಕೊಡ್ಬೇಡ" ಎಂದಳು ಬುರ್ಗಿ.

"ಬಚ್ಚಿಟ್ಟಿದ್ದಕ್ಕೆ ಅರ್ಧ."

ಕ್ರೆಸೆನ್ಸ್ ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. "ಮಾತು ಸಾಕು. ಅವಳಪ್ಪ ಏನು ಹೇಳಿ ಹೋದ? ಕಾಯ್ಸಿದ ಕೈಗೆ ಮಗ್! ತೆಗಿಯೇ ಹುಡುಗಿ!"

ಅರವತ್ತು ದಾಟಿದ ಹುಡುಗಿ ಒಲೆಯ ಹತ್ತಿರ ಹೋಗಿ, ಕಾಲ್ಬೆರಳ ಮೇಲೆ ನಿಂತು, ಅಪ್ಪನ ಮಗ್ ಇಳಿಸಿದಳು. ತೊಳೆದು ತುಂಬಿಸಿ, ಅರ್ಧ ತಲೆಗೆ ಸುರುಳಿ ಇದ್ದ ಹಾಗೆಯೇ, ಬೆಂಚಿನ ತಲೆಯಲ್ಲಿ ಅಪ್ಪನ ಜಾಗದಲ್ಲಿ ಕೂತು ಕುಡಿದಳು. ಪಡಸಾಲೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕೋರ್ಬಿ. ಎಗಿಡ್ ತನ್ನ ಮನೆಯ ನಕ್ಷತ್ರ ತಾನೇ ಇಳಿಸಿ, ಸಾಸೇಜ್, ಮೂಲಂಗಿ, ಬ್ರೆಡ್ಡು, ಸಾಸಿವೆ ಎಲ್ಲವನ್ನೂ ಹೊತ್ತುಕೊಂಡು ಬಂದ. ಸಂಜೆಯಾಗುವ ಹೊತ್ತಿಗೆ ಬೆಂಚುಗಳಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಜಾಡಿ ಹಿಡಿದು ಓಡಾಡಿದವನು ಯಾರೆಂದು ಬೇರೆ ಹೇಳಬೇಕೇ? ಪೀಪಾಯಿಯಲ್ಲಿ ಉಳಿದಿದ್ದ ಅವನ ಸ್ವಂತ ಬಿಯರ್ ಆ ಬೇಸಿಗೆಯಿಡೀ ನಮ್ಮೂರಿನ ಸೌತೆಕಾಯಿ ಕೋಸಂಬರಿಗೆ ಹುಳಿಯಾಗಿ ಬಂತು. ಆ ಕೆಲಸಕ್ಕೆ ಮಾತ್ರ ಹತ್ತಕ್ಕೆ ಹತ್ತು!

ಆದರೆ ಎಗಿಡ್ ಕಟುಕನಲ್ಲವೇ, ಅಷ್ಟು ಸುಲಭಕ್ಕೆ ಬಿಡುತ್ತಾನೆಯೇ? ಸಾಸೇಜ್ ಕತ್ತರಿಸುತ್ತಿದ್ದವನು ಚಾಕು ಎತ್ತಿ ಹಿಡಿದ.

"ಏನೋ ಕೋರ್ಬಿ, ಏಪ್ರಿಲ್ ಮುಗಿಯೋದ್ರೊಳಗೆ ಮಗ್ ನಿನ್ನ ಕೈಲಿ ಇರ್ದಿದ್ರೆ ಏನೋ ಬೋಳಿಸ್ಕೋತೀನಿ ಅಂದಿದ್ದೆ?"

"ಮೀಸೆ!" ಎಂದು ಇಡೀ ಪಡಸಾಲೆ 'ಹೋ' ಎಂದು ಕೂಗಿತು. ಒಟೀಲಿಯೆ ತನ್ನ ಚೀಲದಿಂದ ಪುಟ್ಟ ಕತ್ತರಿಯನ್ನೇ ತೆಗೆದಳು. ಕೋರ್ಬಿ ಜಾಡಿ ಕೆಳಗಿಟ್ಟು, ಮೀಸೆಯ ಎರಡೂ ತುದಿಯನ್ನು ಕೊನೆಯ ಬಾರಿಗೆಂಬಂತೆ ನೇವರಿಸಿದ. ಮಾತು ಕೊಟ್ಟಾಗಿತ್ತು. ಕುರ್ಚಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡ.

"ಏಳೋ ಮೇಲೆ" ಎಂದಿತು ಬುರ್ಗಿಯ ದನಿ. ಕಣ್ಣು ಬಿಟ್ಟರೆ ಮೂಗಿನ ಮುಂದೆ ಮಾವನ ಮಗ್.

"ಹಿಡ್ಕೋ. ಕೈಲಿ ಇರತ್ತೆ ಅಂತ ತಾನೆ ಅಂದಿದ್ದು? ಇದೆ. ಎಲ್ಲರೂ ನೋಡ್ಕೊಳ್ಳಿ. ಈಗ ಒಳಗೆ ಹೋಗಿ ತೊಳ್ದು ತಂದು ಮೊಳೆಗೆ ಹಾಕು. ಚಕ್ಕೆ ಎದ್ದಿರೋ ಕಡೆ ಜೋಪಾನ."

ನಗೆಯ ಅಬ್ಬರದ ನಡುವೆ ಕೋರ್ಬಿನಿಯನ್ ಇಪ್ಪತ್ತಾರು ವರ್ಷ ಕಾದ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೀಸೆ ಸಮೇತ, ಅಡುಗೆಮನೆಗೆ ನಡೆದ. ನಲ್ಲಿ ತಿರುಗಿಸಿದ. ಮಗ್ ನೀರಿಗೆ ಹಿಡಿಯುವ ಮುಂಚೆ ಒಳಗೆ ನೋಡಿದ.

ತಳದಲ್ಲಿ ಬುರ್ಗಿ ಎರಡು ಗುಟುಕು ಉಳಿಸಿಟ್ಟಿದ್ದಳು. ಅವನು ನಲ್ಲಿ ನಿಲ್ಲಿಸಿದ.